ಏಳಿಂಚು ಕೆಳಗೆ ಬಂದ ಕಪಾಟು

ಅಡುಗೆಮನೆಯ ಮೇಲಿನ ಕಪಾಟಿನ ಬಾಗಿಲು ಸೊಟ್ಟಗಾಗಿದೆ ಎಂದು ಮೊದಲು ಕಂಡುಹಿಡಿದವರು ಅಪ್ಪ. ಬೆಳಗಿನ ಕಾಫಿ ಲೋಟ ಹಿಡಿದು ಬಾಗಿಲ ಹತ್ತಿರ ನಿಂತವರು ಒಂದು ಕಣ್ಣು ಮುಚ್ಚಿ ನೋಡಿ, ‘ಎರಡನೇದು ಚೂರು ಇಳಿದಿದೆ ನೋಡು ಪುಟ್ಟಿ’ ಎಂದರು. ನಾನು ನೋಡಿದೆ. ಹೌದು, ಚಿಮಣಿಯ ಬಲಕ್ಕಿರುವ ಎರಡು ಬಾಕ್ಸುಗಳಲ್ಲಿ ಎರಡನೆಯದರ ಬಾಗಿಲು ಪಕ್ಕದ್ದಕ್ಕಿಂತ ಎರಡು ಮಿಲಿಮೀಟರಿನಷ್ಟು ಕೆಳಗಿತ್ತು.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿತ್ತು. ಇಂಟರ್‌ವ್ಯೂಗಳಿಗೆ ಬೆಂಗಳೂರಿಗೆ ಹೋಗುವುದು, ತುಮಕೂರಿಗೆ ವಾಪಸ್ ಬರುವುದು, ಇಷ್ಟೇ ನನ್ನ ಕೆಲಸ. ಹೀಗಿರುವಾಗ ಮನೆಯಲ್ಲಿ ಯಾವುದಾದರೂ ಸೊಟ್ಟಗಾದರೆ ಅದನ್ನು ನೆಟ್ಟಗೆ ಮಾಡುವ ಹಕ್ಕು ನನ್ನದೇ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿದೆ, ಸ್ಕ್ರೂಡ್ರೈವರ್ ಹಿಡಿದೆ.

ಈಗಿನ ಕಪಾಟುಗಳ ಹಿಂಜಸ್ ನೋಡಿದ್ದೀರಲ್ಲ? ಬಾಗಿಲಿನ ಒಳಗೆ 35 ಮಿಲಿಮೀಟರ್ ಅಗಲದ ಬಟ್ಟಲಿನ ಹಾಗೆ ಕೂತಿರುತ್ತದೆ, ಅದರಿಂದ ಒಂದು ತೋಳು ಹೊರಟು ಬಾಕ್ಸಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ತೋಳಿನ ಮೇಲೆ ಮುಂದೊಂದು, ಹಿಂದೊಂದು ಸ್ಕ್ರೂ. ಮುಂದಿನದನ್ನು ತಿರುಗಿಸಿದರೆ ಬಾಗಿಲು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಹಿಂದಿನದನ್ನು ಸಡಿಲಿಸಿದರೆ ಒಳಕ್ಕೋ ಹೊರಕ್ಕೋ. ತೋಳಿನ ಕೆಳಗಿನ ಪ್ಲೇಟಿನ ಎರಡು ಸ್ಕ್ರೂ ಸಡಿಲಿಸಿದರೆ ಮೇಲಕ್ಕೆ, ಕೆಳಕ್ಕೆ. ಎಲ್ಲವೂ ಒಂದೆರಡು ಮಿಲಿಮೀಟರಿನ ಆಟ, ಅಷ್ಟೇ. ಆದರೆ ಸೊಟ್ಟಗಿದ್ದ ಬಾಗಿಲು ಕಾಲು ಸುತ್ತಿಗೆ ನೆಟ್ಟಗಾಗುವಾಗ ಆಗುವ ಖುಷಿ ಎಂಟು ಸೆಮಿಸ್ಟರಿನಲ್ಲಿ ನನಗೆ ಸಿಕ್ಕಿರಲಿಲ್ಲ. ಎರಡನೇ ಬಾಗಿಲನ್ನು ಎರಡು ಮಿಲಿಮೀಟರ್ ಎತ್ತಿದೆ. ಅಪ್ಪ ಮತ್ತೆ ಒಂದು ಕಣ್ಣು ಮುಚ್ಚಿ ನೋಡಿ, ‘ಪರವಾಗಿಲ್ಲ, ಓದಿಸಿದ್ದಕ್ಕೆ’ ಎಂದರು.

ನಾಲ್ಕು ದಿನಕ್ಕೆ ಬಾಗಿಲು ಮತ್ತೆ ಇಳಿಯಿತು. ನಾನು ಮತ್ತೆ ಎತ್ತಿದೆ. ಸ್ಕ್ರೂ ಓಡಾಡುವ ಗಾಡಿ ಅಲ್ಲಿಗೆ ಮುಗಿದಿತ್ತು, ಇನ್ನು ಎತ್ತಲು ಜಾಗ ಇರಲಿಲ್ಲ. ಹಿಂಜಸ್ಸೇ ಕಳಪೆ ಎಂದುಕೊಂಡು ಸುಮ್ಮನಾದೆ. ಬಾಗಿಲು ಯಾಕೆ ಇಳಿಯುತ್ತಿದೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಈಗ ನೆನೆಸಿಕೊಂಡರೆ ಆ ಮಾತೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅದೇ ದಿನಗಳಲ್ಲಿ ನನಗೂ ಅಮ್ಮನಿಗೂ ಇನ್ನೊಂದು ಜಗಳ ನಡೆದಿತ್ತು. ಅಡುಗೆ ಕಟ್ಟೆಯ ಮೇಲೆ ಸಾಮಾನು. ಬೇಳೆ ಡಬ್ಬಿ, ಉಪ್ಪಿನ ಜಾಡಿ, ಸಾಂಬಾರು ಪುಡಿ, ಹುಣಸೆಹಣ್ಣಿನ ಬಟ್ಟಲು, ಹಳೆಯ ಬೋರ್ನ್‌ವಿಟಾ ಡಬ್ಬಿಯಲ್ಲಿ ಸಾಸಿವೆ, ಹೀಗೆ ಕಟ್ಟೆಯ ಅರ್ಧ ಭಾಗ ಸಂತೆ. ಮೇಲೆ ಮೂರು ಮೂರು ಕಪಾಟು ಇಟ್ಟುಕೊಂಡು ಎಲ್ಲವನ್ನೂ ಕಟ್ಟೆಯ ಮೇಲೆ ಯಾಕೆ ಹರಡಬೇಕು ಎಂದು ನಾನು ದಿನಾ ಕೇಳುತ್ತಿದ್ದೆ. ಸಾಲ ಮಾಡಿ ಮಾಡಿಸಿದ ಮಾಡ್ಯುಲರ್ ಕಿಚನ್ನಿಗೆ ಒಂದು ಮರ್ಯಾದೆ ಬೇಡವೇ? ನೆಂಟರು ಬಂದಾಗ ಅತ್ತೆ ಒಬ್ಬರು, ‘ಇಷ್ಟು ಚೆಂದದ ಅಡಿಗೆಮನೇನ ಹಿಂಗಿಟ್ಕಂಡಿದೀಯಲ್ಲೇ’ ಎಂದಾಗ ಅಮ್ಮ ನಕ್ಕು ಸುಮ್ಮನಾಗಿದ್ದರು. ನಾನು ಅತ್ತೆಯ ಪಕ್ಷ ವಹಿಸಿದ್ದೆ.

ಅಮ್ಮನ ಎತ್ತರ 4 ಅಡಿ 10 ಇಂಚು. ಇದು ನನಗೆ ಗೊತ್ತಿರದ ವಿಷಯವೇನಲ್ಲ.

ಒಂದು ಗುರುವಾರ ಸಂಜೆ ನಾನು ರೂಮಿನಲ್ಲಿ ಆನ್‌ಲೈನ್ ಟೆಸ್ಟ್ ಬರೆಯುತ್ತಿದ್ದೆ. ದೊಡ್ಡ ಸದ್ದಾಯಿತು. ಸ್ಟೂಲು ಬಿದ್ದ ಸದ್ದು, ಗಾಜು ಒಡೆದ ಸದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಸದ್ದಿಗೆ ನಾನು ಓಡಿದೆ. ಅಮ್ಮ ನೆಲದ ಮೇಲೆ ಕೂತು ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. ಸುತ್ತ ನಿಂಬೆಕಾಯಿ ಉಪ್ಪಿನಕಾಯಿ, ಗಾಜಿನ ಚೂರು. ‘ಚಪ್ಪಲಿ ಹಾಕ್ಕಂಡ್ ಬಾರೆ, ಗಾಜು ಚುಚ್ತದೆ’ ಎಂದರು ಮೊದಲು. ಎರಡನೇ ಮಾತು, ‘ನೀನೇ ಹೇಳ್ತಿದ್ಯಲ್ಲ ಅಂತ ಮೇಲಿಡಕ್ಕೆ ಹೋದೆ.’

ಮೂಳೆ ಮುರಿದಿರಲಿಲ್ಲ. ಉಳುಕಿತ್ತು. ಎಕ್ಸ್‌ರೇ ತೆಗೆಸಿ, ಕ್ರೇಪ್ ಬ್ಯಾಂಡೇಜು ಸುತ್ತಿಸಿಕೊಂಡು ರಾತ್ರಿ ಮನೆಗೆ ಬಂದೆವು.

ಅಮ್ಮ ಮಲಗಿದ ಮೇಲೆ ಅಡುಗೆಮನೆ ಒರೆಸುತ್ತಿದ್ದಾಗ ಕಪಾಟು ಕಣ್ಣಿಗೆ ಬಿತ್ತು. ಬೀಳುವಾಗ ಅಮ್ಮ ಅದರ ಅಂಚನ್ನೇ ಹಿಡಿದುಕೊಂಡಿದ್ದರಂತೆ. ಎರಡನೇ ಬಾಕ್ಸಿನ ಮೇಲ್ತುದಿಗೂ ಗೋಡೆಗೂ ನಡುವೆ ಸಂದು ಬಿಟ್ಟಿತ್ತು. ಪರ್ಸಿನಿಂದ ಎಟಿಎಂ ಕಾರ್ಡ್ ತೆಗೆದು ತೂರಿಸಿದೆ, ಸಲೀಸಾಗಿ ಒಳಗೆ ಹೋಯಿತು. ಇನ್ನೊಂದು ಕಾರ್ಡನ್ನೂ ಸೇರಿಸಿ ತೂರಿಸಿದೆ, ಅದೂ ಹೋಯಿತು. ಬಾಗಿಲು ಇಳಿಯುತ್ತಿದ್ದದ್ದು ಹಿಂಜಸ್ಸಿನಿಂದಲ್ಲ. ಇಡೀ ಬಾಕ್ಸೇ ಗೋಡೆ ಬಿಟ್ಟು ಬರುತ್ತಿತ್ತು. ಹದಿನೈದು ದಿನಗಳಿಂದ ಅದು ಬಾಗಿಲಿನ ಮೂಲಕ ಹೇಳುತ್ತಲೇ ಇತ್ತು. ನಾನು ಪ್ರತಿಸಲವೂ ಬಾಗಿಲನ್ನು ಎತ್ತಿ ಅದರ ಬಾಯಿ ಮುಚ್ಚಿಸಿದ್ದೆ.

ಅಕ್ಕಿ ಡಬ್ಬದ ಮೇಲೆ ರಾಗಿ ಡಬ್ಬ, ಅದರ ಮೇಲೆ ನನ್ನ ದಪ್ಪ ದಪ್ಪ ಪುಸ್ತಕ ಪೇರಿಸಿ ಬಾಕ್ಸಿನ ಅಡಿಗೆ ಆನಿಸಿ ಕೊಟ್ಟೆ. ‘ಸ್ಟ್ರೆಂತ್ ಆಫ್ ಮೆಟೀರಿಯಲ್ಸ್’ ಪುಸ್ತಕ ನಿಜಕ್ಕೂ ಭಾರ ಹೊತ್ತದ್ದು ಅಂದೇ ಮೊದಲು.

ಮರುದಿನ ಕಿಚನ್ ಮಾಡಿಕೊಟ್ಟವರಿಗೆ ಫೋನ್ ಹಚ್ಚಿದೆ. ಹಿಂಜಸ್ ಮತ್ತು ಚಾನೆಲ್ಲಿಗೆ ವಾರಂಟಿ ಇದೆ, ಗೋಡೆಗೆ ಇಲ್ಲ ಎಂದರು. ಕಪಾಟು ಬಿದ್ದರೆ ಅದು ಗೋಡೆಯ ತಪ್ಪು ಎಂಬುದು ಅವರ ಸಿದ್ಧಾಂತ. ಬರುವುದಾದರೂ ಎರಡು ವಾರವಾಗುತ್ತದೆ, ಬಂದು ನೋಡುವುದಕ್ಕೇ ಬೇರೆ ಚಾರ್ಜು. ಆಗ ಅಪ್ಪನಿಗೆ ನಮ್ಮ ಬೀದಿಯ ಕೊನೆಯ ಮನೆಯ ಆಚಾರ್ರು ನೆನಪಾದರು. ಹಳೇ ಮನೆಯ ಕಿಟಕಿ ಬಾಗಿಲು ಮಾಡಿದವರು. ಈಗ ಮಂಡಿ ನೋವು, ಕೆಲಸ ಬಿಟ್ಟು ಆರೇಳು ವರ್ಷವಾಗಿದೆ.

ಆಚಾರ್ರು ಬಂದರು. ಬಾಕ್ಸಿನ ಬಾಗಿಲು ತೆಗೆದು ಒಳಗೆ ಟಾರ್ಚ್ ಬಿಟ್ಟರು. ಮೇಲಿನ ಪಟ್ಟಿಯಲ್ಲಿದ್ದ ಬಲಗಡೆಯ ಸ್ಕ್ರೂವನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರು. ಗಿಟ್ಟಿ ಸಮೇತ ಕೈಗೆ ಬಂತು. ಅದನ್ನು ನನ್ನ ಅಂಗೈಯಲ್ಲಿಟ್ಟು, ‘ಓದಿದೀಯಲ್ಲವ್ವ, ಲೆಕ್ಕ ಹಾಕು’ ಎಂದರು.

ಹಾಕಿದೆ. ಸ್ಕ್ರೂ ಒಂದೂವರೆ ಇಂಚಿನದು, ಅಂದರೆ 38 ಮಿಲಿಮೀಟರ್. ಬಾಕ್ಸಿನ ಹಿಂಭಾಗದ ಪ್ಲೈವುಡ್ ಪಟ್ಟಿ 18 ಮಿಲಿಮೀಟರ್. ಉಳಿದದ್ದು 20. ಗೋಡೆಯ ಗಾರೆ ಸುಮಾರು 15. ಹಾಗಾದರೆ ಇಟ್ಟಿಗೆಯೊಳಗೆ ಹೋಗಿದ್ದದ್ದು 5 ಮಿಲಿಮೀಟರ್. ಒಂದು ಕಡಲೆಕಾಳಿನಷ್ಟು. ಇಡೀ ಬಾಕ್ಸು ಹೆಚ್ಚುಕಡಿಮೆ ಗಾರೆಗೆ ನೇತುಹಾಕಿಕೊಂಡಿತ್ತು. ಇಷ್ಟು ದಿನ ಬೀಳದೆ ನಿಂತದ್ದು ಪಕ್ಕದ ಬಾಕ್ಸಿಗೆ ಸೇರಿಸಿದ್ದ ಎರಡು ಸ್ಕ್ರೂಗಳ ದಯೆಯಿಂದ.

‘ಇದನ್ನ ಇಳಿಸಿ ಮತ್ತೆ ಏರಿಸ್ಬೇಕು. ನಂಗೆ ನಿಲ್ಲಕ್ಕಾಗಲ್ಲ. ನಾನು ಕುಂತ್ಕಂಡ್ ಹೇಳ್ತೀನಿ, ನೀನು ಮಾಡು’ ಎಂದರು ಆಚಾರ್ರು. ಅಪ್ಪ, ‘ಅವಳ ಕೈಲಾಗುತ್ತಾ, ಯಾರಾದ್ರೂ ಹುಡುಗರನ್ನ ಕರೆಸೋಣ’ ಎಂದರು. ‘ಹುಡುಗ್ರೇ ತಾನೇ ಸ್ವಾಮಿ ಈ ಸ್ಕ್ರೂ ಹೊಡ್ದಿರೋದು’ ಎಂದು ಆಚಾರ್ರು ಕುರ್ಚಿ ಎಳೆದುಕೊಂಡು ಕೂತರು. ಅಲ್ಲಿಗೆ ಆ ಮಾತು ಮುಗಿಯಿತು.

ಹೇಗೂ ಇಳಿಸುತ್ತಿದ್ದೇವಲ್ಲ, ಇದೇ ಎತ್ತರಕ್ಕೆ ಯಾಕೆ ಮತ್ತೆ ಏರಿಸಬೇಕು ಎಂದು ನಾನು ಕೇಳಿದೆ. ಅಳತೆ ಹಿಡಿದೆವು. ನೆಲದಿಂದ ಕಟ್ಟೆ 33 ಇಂಚು. ಕಟ್ಟೆಯಿಂದ ಕಪಾಟಿನ ಅಡಿಗೆ 27 ಇಂಚು. ಅಂದರೆ ಕಪಾಟು ಶುರುವಾಗುವುದೇ ಐದಡಿಗೆ, ಅಮ್ಮನ ನೆತ್ತಿಗಿಂತ ಎರಡು ಇಂಚು ಮೇಲೆ. ಒಳಗಿನ ಎರಡನೇ ಹಲಗೆ ಆರಡಿಗೆ. ಜೊತೆಗೆ ಎರಡಡಿ ಅಗಲದ ಕಟ್ಟೆ ಅಡ್ಡ ಇರುವುದರಿಂದ ಕೈ ಮೇಲಕ್ಕೆ ಮಾತ್ರವಲ್ಲ, ಮುಂದಕ್ಕೂ ಚಾಚಬೇಕು. ಅಷ್ಟು ಎತ್ತರಕ್ಕೆ ಯಾಕಿಟ್ಟರು ಎಂದರೆ ಅದಕ್ಕೂ ಉತ್ತರ ಸಿಕ್ಕಿತು. ನಮ್ಮ ಮನೆಯ ಸಜ್ಜಾ ಇರುವುದು ಏಳಡಿಗೆ, ಲಿಂಟಲ್ ಮಟ್ಟಕ್ಕೆ. ಎರಡಡಿಯ ಬಾಕ್ಸನ್ನು ಅದಕ್ಕೆ ಅಂಟಿಸಿ ಕೂರಿಸಿದರೆ ಸಂದು ಉಳಿಯುವುದಿಲ್ಲ, ಧೂಳು ಕೂರುವುದಿಲ್ಲ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಅಳತೆ ತೆಗೆದುಕೊಂಡದ್ದು ಸಜ್ಜಾದಿಂದ. ಅಡುಗೆ ಮಾಡುವವರಿಂದಲ್ಲ.

‘ಅಮ್ಮ, ಇಲ್ಲಿ ನಿಂತ್ಕೊಂಡು ಬಲಗೈ ಎತ್ತು. ಹಿಂಸೆ ಆಗದೆ ಎಲ್ಲಿವರೆಗೂ ಹೋಗುತ್ತೋ ಅಲ್ಲೊಂದು ಗೆರೆ ಎಳಿ’ ಎಂದು ಸೀಮೆಸುಣ್ಣ ಕೊಟ್ಟೆ. ಅಮ್ಮ ನಾಚಿಕೊಂಡರು. ಆಚಾರ್ರನ್ನು ನೋಡಿದರು, ಅಪ್ಪನನ್ನು ನೋಡಿದರು. ಬ್ಯಾಂಡೇಜು ಸುತ್ತಿದ ಎಡಗೈಯನ್ನು ಎದೆಗೆ ಒತ್ತಿಕೊಂಡು ಬಲಗೈ ಎತ್ತಿ, ಬಾಗಿಲು ತೆಗೆದಿದ್ದ ಬಾಕ್ಸಿನ ಅಂಚಿನ ಮೇಲೆ ಗೆರೆ ಎಳೆದರು. ನೆಲದಿಂದ ಅಳೆದರೆ 66 ಇಂಚು. ಎರಡನೇ ಹಲಗೆ ಅದಕ್ಕಿಂತ ಆರಿಂಚು ಮೇಲಿತ್ತು. ‘ಅಷ್ಟು ಕೆಳಗೆ ತಂದ್ರೆ ಚೆನ್ನಾಗಿ ಕಾಣಲ್ಲ ಬಿಡ್ರೀ’ ಎಂದು ತಾವೇ ಗೆರೆ ಅಳಿಸಲು ಹೋದರು. ಈ ಮನೆಗೆ ಬಂದು ನಾಲ್ಕು ವರ್ಷ. ಟೈಲ್ಸಿನ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತಿದ್ದೆವು. ಅಮ್ಮನ ಕೈ ಎಲ್ಲಿಗೆ ಎಟುಕುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಏಳಿಂಚು ಇಳಿಸುವುದು ಎಂದಾಯಿತು. ಕಟ್ಟೆಗೂ ಕಪಾಟಿಗೂ ನಡುವೆ 20 ಇಂಚು ಉಳಿಯುತ್ತದೆ, ಮಿಕ್ಸಿ ನಿಲ್ಲುತ್ತದೆ. ಒಲೆಯ ಬಲಕ್ಕಿರುವ ಎರಡು ಬಾಕ್ಸು ಮಾತ್ರ ಇಳಿಸಬೇಕು. ಒಲೆಯ ಮೇಲಿನ ಚಿಮಣಿ ತಗ್ಗಿಸುವಂತಿಲ್ಲ, ಅದು ಬೆಂಕಿಯಿಂದ ದೂರವಿರಬೇಕು. ಅದರ ಎಡಕ್ಕಿರುವ ಬಾಕ್ಸು ಹಬ್ಬದ ಪಾತ್ರೆಗೆ, ಇದ್ದಲ್ಲೇ ಇರಲಿ. ಅಪ್ಪ ಒಪ್ಪಲಿಲ್ಲ. ‘ಒಂದು ಮೇಲೆ, ಒಂದು ಕೆಳಗೆ. ಬಂದವರು ಏನಂತಾರೆ?’ ಎಂಬ ಪ್ರಶ್ನೆ. ಮೇಲಿನ ಗೋಡೆಯಲ್ಲಿ ಹಳೆಯ ತೂತು ಕಾಣುತ್ತದೆ, ಪೇಂಟಿನ ಬಣ್ಣ ಬೇರೆಯಾಗುತ್ತದೆ. ಕಂತು ಇನ್ನೂ ಮುಗಿಯದ ಮನೆಯ ಗೋಡೆಗೆ ಹೊಸ ತೂತು ಎಂದರೆ ಅಪ್ಪನಿಗೆ ತಮ್ಮ ಮೈಗೇ ಕೊರೆದ ಹಾಗೆ. ನಾನು ವಾದ ಮಾಡಲಿಲ್ಲ. ಅಮ್ಮನೂ ಮಾಡಲಿಲ್ಲ. ಎಡಗೈ ಆಡಿಸಲಾಗದೆ ಒಂದೇ ಕೈಯಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದರು. ಅಪ್ಪ ಸ್ವಲ್ಪ ಹೊತ್ತು ಅದನ್ನು ನೋಡಿದರು. ಆಮೇಲೆ ಬೈಕ್ ಕೀ ತೆಗೆದುಕೊಂಡು, ‘ಎಷ್ಟಿಂಚಿನ ಸ್ಕ್ರೂ ಬೇಕು ಆಚಾರ್ರೇ?’ ಎಂದರು.

ಆ ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಅಡುಗೆಮನೆಗಳ ಬಗ್ಗೆ ಓದುತ್ತಾ ಕೂತೆ. ನಮ್ಮ ಮಾಡ್ಯುಲರ್ ಕಿಚನ್ನಿನ ಮುತ್ತಜ್ಜಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿದ್ದಾಳೆ. 1926ರಲ್ಲಿ ಮಾರ್ಗರೆಟೆ ಶೂಟೆ-ಲಿಹೊಟ್ಸ್ಕಿ ಎಂಬ ವಿಯೆನ್ನಾದ ವಾಸ್ತುಶಿಲ್ಪಿ ಅಲ್ಲಿನ ಸಾಮಾನ್ಯ ಜನರ ಮನೆಗಳಿಗೆಂದು ಒಂದು ಪುಟ್ಟ ಅಡುಗೆಮನೆ ವಿನ್ಯಾಸ ಮಾಡಿದಳು. ಸುಮಾರು 10 ಸಾವಿರ ಮನೆಗಳಲ್ಲಿ ಅದನ್ನು ಕಟ್ಟಿದರು. ಕೂತು ಕೆಲಸ ಮಾಡಲು ತಿರುಗುವ ಸ್ಟೂಲು, ಅಕ್ಕಿ ಸಕ್ಕರೆಗೆ ಹೆಸರು ಬರೆದ ಅಲ್ಯುಮಿನಿಯಂ ಡ್ರಾಯರುಗಳು. ಒಲೆಯಿಂದ ಸಿಂಕಿಗೆ ಹೆಂಗಸು ಎಷ್ಟು ಹೆಜ್ಜೆ ಓಡಾಡಬೇಕು ಎಂಬುದೂ ಅವಳ ಲೆಕ್ಕದಲ್ಲಿತ್ತು. ಸುಮಾರು ನೂರು ವರ್ಷದ ಹಿಂದೆ. ತುಮಕೂರಿಗೆ ಬರುವಷ್ಟರಲ್ಲಿ ಕಪಾಟು ಬಂದಿದೆ, ಲ್ಯಾಮಿನೇಟಿನ ಹೊಳಪು ಬಂದಿದೆ, ಆ ಲೆಕ್ಕ ಮಾತ್ರ ದಾರಿಯಲ್ಲೆಲ್ಲೋ ಉದುರಿಹೋಗಿದೆ.

ಭಾನುವಾರ ಬೆಳಿಗ್ಗೆ ಕೆಲಸ ಶುರು. ಮೊದಲು ಖಾಲಿ ಮಾಡುವುದು. ಎರಡನೇ ಬಾಕ್ಸಿನಿಂದ ಇಳಿದದ್ದನ್ನೆಲ್ಲ ಚೀಲಕ್ಕೆ ತುಂಬಿ ತೂಕದ ಮಿಷಿನ್ನಿನ ಮೇಲಿಟ್ಟೆ. 41 ಕೆ.ಜಿ. ಮೇಲಿನ ಹಲಗೆಯಲ್ಲಿದ್ದದ್ದು ಪೂರ್ತಿ ಗೃಹಪ್ರವೇಶದ ಉಡುಗೊರೆ. ಕೊಟ್ಟವರ ಹೆಸರು ಕೊರೆಸಿದ ಸ್ಟೀಲ್ ಡಬ್ಬ, ಹಿತ್ತಾಳೆ ಕೊಳಗ, ಎರಡು ಡಿನ್ನರ್ ಸೆಟ್. ಅವತ್ತು ಅಪ್ಪ ಎತ್ತಿಟ್ಟದ್ದು, ಇವತ್ತಿಗೂ ಇಳಿದಿಲ್ಲ. ನನ್ನ ಹೈಸ್ಕೂಲಿನ ಟಿಫನ್ ಬಾಕ್ಸೂ ಸಿಕ್ಕಿತು. ಕಳೆದುಹೋಯಿತು ಎಂದು ಬೈಸಿಕೊಂಡಿದ್ದೆ.

ಬಾಕ್ಸಿನ ತೂಕ 20 ಕೆ.ಜಿ. ಸೇರಿಸಿದರೆ 61. ಭಾರ ಗೋಡೆಯಿಂದ ಆರಿಂಚು ಮುಂದೆ ಇರುತ್ತದೆ, ಮೇಲಿನ ಸ್ಕ್ರೂವಿನಿಂದ ಕೆಳಗಿನ ಅಂಚಿಗೆ 22 ಇಂಚು. ಅಂದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಸುಮಾರು 16-17 ಕೆ.ಜಿ. ಭಾರದಷ್ಟು. ಅಮ್ಮ ಮುಂದಿನ ಅಂಚು ಹಿಡಿದು ತನ್ನ ಅರ್ಧ ತೂಕ ಹಾಕಿದ್ದರೂ ಆ ಎಳೆತ ಹತ್ತಿರ ಹತ್ತಿರ ಎರಡರಷ್ಟಾಗಿರುತ್ತದೆ. ಅದನ್ನು ತಡೆದದ್ದು ಎರಡು ಕಡಲೆಕಾಳು. ಕೆಳಗಿನ ಅಂಚು ಮಾತ್ರ ಯಾವಾಗಲೂ ಗೋಡೆಯನ್ನು ಒತ್ತುತ್ತಿರುತ್ತದೆ. ಹಾಗಾಗಿ ಸ್ಕ್ರೂವಿನ ಜೀವವೆಲ್ಲ ಮೇಲಿರಬೇಕು. ಪರೀಕ್ಷೆಯಲ್ಲಿ ಇಂಥ ಲೆಕ್ಕ ಎಷ್ಟು ಬಿಡಿಸಿದ್ದೇನೋ. ಆಗೆಲ್ಲ ಭಾರಕ್ಕೆ ‘ಡಬ್ಲ್ಯೂ’ ಎಂದು ಹೆಸರು, ಅದು ಯಾರ ತಲೆಯ ಮೇಲೂ ಇರಲಿಲ್ಲ.

ಬಾಗಿಲು ತೆಗೆಯುವುದು ಸುಲಭ. ಹಿಂಜಸ್ ತೋಳಿನ ಹಿಂದಿರುವ ಚಿಕ್ಕ ನಾಲಗೆ ಒತ್ತಿದರೆ ಕಳಚಿಕೊಳ್ಳುತ್ತದೆ. ಯಾವುದು ಎಲ್ಲಿಯದೆಂದು ಹಿಂದೆ ಸೀಮೆಸುಣ್ಣದಲ್ಲಿ ನಂಬರು ಬರೆದುಕೊಂಡೆ. ಆಮೇಲೆ ಅಡಿಗೆ ಆನಿಕೆ ಕೊಟ್ಟು, ಎರಡು ಬಾಕ್ಸನ್ನು ಜೋಡಿಸಿದ್ದ ಸ್ಕ್ರೂ ಬಿಚ್ಚಿ, ಗೋಡೆಯ ಸ್ಕ್ರೂಗಳನ್ನು ಕೊನೆಗೆ ಬಿಚ್ಚಿದೆ. ಒಂದು ಕಡೆ ಅಪ್ಪ, ಒಂದು ಕಡೆ ನಾನು. ‘ಸ್ಕ್ರೂ ಬಿಚ್ಚಕ್ಕೆ ಮುಂಚೆ ಹಿಡ್ಕಳವನು ಹಿಡ್ಕಂಡಿರ್ಬೇಕು, ಬಿಚ್ಚಿದ್ಮೇಲೆ ಅಲ್ಲ’ ಎಂದು ಕುರ್ಚಿಯಿಂದ ಆಜ್ಞೆ.

ಮಟ್ಟ ಹಿಡಿಯಲು ನಾನು ಮೊಬೈಲ್ ಆ್ಯಪ್ ತೆಗೆದೆ. ಆಚಾರ್ರು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ, ಹಿಂದೆ ಉಬ್ಬಿದ್ದ ಕ್ಯಾಮೆರಾ ತೋರಿಸಿ, ‘ಇದರ ಮೈಯೇ ಮಟ್ಟ ಇಲ್ಲ’ ಎಂದು ವಾಪಸ್ ಕೊಟ್ಟರು. ಕಟ್ಟೆಯಿಂದ 20 ಇಂಚು ಅಳೆದು ಗೆರೆ ಎಳೆಯೋಣ ಎಂದೆ. ‘ಕಟ್ಟೆ ನಂಬ್ಬೇಡ. ನೀರು ನಂಬು.’ ಅಪ್ಪ ತಂದ ಹತ್ತಡಿ ಉದ್ದದ ಪಾರದರ್ಶಕ ಪೈಪಿಗೆ ನೀರು ತುಂಬಿಸಿದೆವು. ಒಳಗೆ ಗಾಳಿಗುಳ್ಳೆ ಇರಬಾರದು, ತುದಿಗಳನ್ನು ಬೆರಳಿನಿಂದ ಮುಚ್ಚಬಾರದು, ಇವೆರಡೇ ನಿಯಮ. ಒಂದು ತುದಿ ಅಪ್ಪನ ಕೈಲಿ, ಒಂದು ನನ್ನ ಕೈಲಿ. ನೀರು ಎರಡೂ ಕಡೆ ಕುಲುಕಾಡಿ, ಸುಮ್ಮನಾಗಿ, ನಿಂತಿತು. ನಿಂತಲ್ಲಿ ಪೆನ್ಸಿಲ್ ಗುರುತು. ಗುರುತುಗಳನ್ನು ಸೇರಿಸಿ ಕಟ್ಟೆಗೆ ಅಳೆದು ನೋಡಿದರೆ ಸಿಂಕಿನ ಕಡೆ ಕಟ್ಟೆ ಎರಡು ನೂಲು ಇಳಿಜಾರು. ನೂಲು ಎಂದರೆ ಆಚಾರ್ರ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಭಾಗ. ನೀರು ಹರಿದುಹೋಗಲಿ ಎಂದು ಕೊಟ್ಟ ಇಳಿಜಾರು ಅದು. ಕಟ್ಟೆಯನ್ನು ನಂಬಿದ್ದರೆ ಕಪಾಟೂ ಸಿಂಕಿನ ಕಡೆಗೆ ವಾಲುತ್ತಿತ್ತು.

ತೂತು ಕೊರೆಯುವ ಮುಂಚೆ ಆಚಾರ್ರು ಸ್ವಿಚ್‌ಬೋರ್ಡ್ ತೋರಿಸಿದರು. ಮಿಕ್ಸಿಯ ಬೋರ್ಡಿಗೆ ವೈರು ಮೇಲಿನಿಂದ, ಗೋಡೆಯೊಳಗಿನ ಪೈಪಿನಲ್ಲಿ ನೇರ ಇಳಿದು ಬಂದಿರುತ್ತದೆ. ಬೋರ್ಡಿನ ನೆತ್ತಿಯಿಂದ ಸಜ್ಜಾದವರೆಗೆ ಒಂದು ಗೇಣು ಅಗಲ ಸೀಮೆಸುಣ್ಣದ ಪಟ್ಟಿ ಎಳೆದು, ‘ಈ ರಸ್ತೆಗೆ ಹೋಗ್ಬೇಡ’ ಎಂದರು. ನೀರಿನ ಫಿಲ್ಟರಿಗೆ ಹೋಗುವ ಪೈಪಿಗೂ ಅಂಥದೇ ಪಟ್ಟಿ.

ಹ್ಯಾಮರ್ ಡ್ರಿಲ್ ಎಲೆಕ್ಟ್ರಿಷಿಯನ್ ಮನೆಯಿಂದ ಕಡ ತಂದದ್ದು. 8 ಮಿಲಿಮೀಟರ್ ಬಿಟ್ಟು, 55ಕ್ಕೆ ಇನ್ಸುಲೇಷನ್ ಟೇಪಿನ ಗುರುತು, ಅದಕ್ಕಿಂತ ಒಳಗೆ ಹೋಗಬಾರದು. ಕಾಲೇಜಿನ ವರ್ಕ್‌ಶಾಪ್ ಲ್ಯಾಬಿನಲ್ಲಿ ನಮ್ಮ ಬ್ಯಾಚಿನ ನಾಲ್ಕು ಹುಡುಗಿಯರಿಗೆ ಅಬ್ಸರ್ವೇಷನ್ ಬುಕ್ ಬರೆಯುವ ಕೆಲಸ ಸಿಗುತ್ತಿತ್ತು, ಮಿಷಿನ್ ಅಲ್ಲ. ಹಾಗಾಗಿ ಕನ್ನಡಕ ಹಾಕಿಕೊಂಡು ಡ್ರಿಲ್ ಗುಂಡಿ ಒತ್ತಿದಾಗ ಅದು ನನ್ನನ್ನೇ ಕುಣಿಸಿತು. ಮೊದಲ ತೂತು ಗೆರೆಯಿಂದ ಅರ್ಧ ಇಂಚು ಸರಿದು ಬಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡರು, ಈ ಸಲ ಎರಡೂ. ‘ಇರ್ಲಿ, ಬಾಕ್ಸಿನ ಹಿಂದೆ ಹೋಗ್ತದೆ. ಮೊದ್ಲು ಮೊಳೆಯಲ್ಲಿ ಒಂದು ಚುಕ್ಕೆ ಗುಂಡಿ ಮಾಡ್ಕ, ಬಿಟ್ಟು ಅಲ್ಲಿ ಕೂರ್ತದೆ’ ಎಂದರು ಆಚಾರ್ರು. ಎರಡನೆಯದು ಸರಿಯಾಗಿ ಬಿತ್ತು.

ನನಗೆ ಅವತ್ತು ತುಂಬಾ ಇಷ್ಟವಾದದ್ದು ಹುಡಿಯ ಪಾಠ. ಬಿಟ್ಟು ಒಳಗೆ ಹೋಗುವಾಗ ಮೊದಲು ಬರುವುದು ಬಿಳಿ, ಅದು ಪುಟ್ಟಿ ಪೇಂಟು. ಆಮೇಲೆ ಬೂದು, ಅದು ಗಾರೆ. ಆಮೇಲೆ ಕೆಂಪು. ಕೆಂಪು ಬಂದರೆ ಇಟ್ಟಿಗೆ ಸಿಕ್ಕಿತು ಎಂದು ಅರ್ಥ, ಅಲ್ಲಿ ಗಿಟ್ಟಿ ಹಿಡಿಯುತ್ತದೆ. ಮೂರನೇ ತೂತಿನಲ್ಲಿ ಟೇಪಿನ ಗುರುತಿನವರೆಗೆ ಹೋದರೂ ಬೂದು ಹುಡಿಯೇ ಬರುತ್ತಿತ್ತು. ‘ಸಂದಿಗೆ ಬಿದ್ದೆ’ ಎಂದರು ಆಚಾರ್ರು, ಕೂತಲ್ಲಿಂದಲೇ. ಎರಡು ಇಟ್ಟಿಗೆಗಳ ನಡುವಿನ ಗಾರೆ ಅದು. ಒಂದಿಂಚು ಪಕ್ಕಕ್ಕೆ ಸರಿದು ಕೊರೆದೆ, ಕೆಂಪು ಬಂತು. ತೂತಿನೊಳಗಿನ ಹುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆದ ಮೇಲೇ ಗಿಟ್ಟಿ ಬಡಿಯಬೇಕು. ಹುಡಿ ಉಳಿದರೆ ಗಿಟ್ಟಿ ಪೂರ್ತಿ ಕೂರುವುದಿಲ್ಲ. ಗಿಟ್ಟಿಯ ತಲೆ ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಮುಳುಗುವ ಹಾಗೆ ಮೊಳೆ ಇಟ್ಟು ತಟ್ಟಿದೆ.

ಇನ್ನೊಂದು ತೊಡಕು ನಮಗೆ ಹೊಳೆದೇ ಇರಲಿಲ್ಲ. ಟೈಲ್ಸು ಕಟ್ಟೆಯಿಂದ ಎರಡಡಿ ಎತ್ತರದವರೆಗೆ ಇದೆ. ಬಾಕ್ಸು 20 ಇಂಚಿಗೆ ಇಳಿದರೆ ಅದರ ಕೆಳಗಿನ ನಾಲ್ಕಿಂಚು ಟೈಲ್ಸಿನ ಮೇಲೆ ಕೂರುತ್ತದೆ, ಉಳಿದದ್ದು ಬರಿ ಗೋಡೆಗೆ. ಟೈಲ್ಸು ಗೋಡೆಯಿಂದ 10 ಮಿಲಿಮೀಟರ್ ಮುಂದಿದೆ. ಹಾಗೇ ಸ್ಕ್ರೂ ಬಿಗಿದರೆ ಬಾಕ್ಸು ಹಿಂದಕ್ಕೆ ವಾಲಿ, ಮುಖ ಆಕಾಶ ನೋಡುತ್ತದೆ. ಆಚಾರ್ರು ಮನೆಯಿಂದ 10 ಮಿಲಿಮೀಟರಿನ ಪ್ಲೈ ಪಟ್ಟಿ ತರಿಸಿ ಮೇಲ್ಗಡೆ ಹಿಂದೆ ಕೊಡಿಸಿದರು. ಮತ್ತೆ ಲೆಕ್ಕ: ಬಾಕ್ಸಿನ ಪಟ್ಟಿ 18, ಈ ಪಟ್ಟಿ 10, ಗಾರೆ 15, ಒಟ್ಟು 43. ಅಪ್ಪ ತಂದ ಸ್ಕ್ರೂ ಮೂರಿಂಚಿನದು, ಅಂದರೆ 75. ಇಟ್ಟಿಗೆಯೊಳಗೆ 32 ಮಿಲಿಮೀಟರ್. ಮೊದಲು ಬಾಕ್ಸಿಗೆ ಎರಡಿತ್ತು, ಈಗ ಮೇಲ್ಗಡೆಯೇ ನಾಲ್ಕು.

ಏರಿಸುವಾಗ 20 ಇಂಚಿನ ಎರಡು ಮರದ ತುಂಡುಗಳನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಅದರ ಮೇಲೆ ಬಾಕ್ಸು ಕೂರಿಸಿ, ಸಿಂಕಿನ ಕಡೆಯ ತುಂಡಿನಡಿಗೆ ಬೆಣೆ ಕೊಟ್ಟು ನೀರಿನ ಗೆರೆಗೆ ತಂದೆವು. ಬಾಕ್ಸನ್ನು ತೋಳಿನಲ್ಲಿ ಹಿಡಿದುಕೊಂಡು ಸ್ಕ್ರೂ ಹಾಕುವುದು ಸಿನಿಮಾದಲ್ಲಿ ಮಾತ್ರ. ಒಂದು ಸ್ಕ್ರೂ ಅರ್ಧ ಬಿಗಿದು, ಆಚಾರ್ರ ಹಳೇ ರಸಮಟ್ಟ ಇಟ್ಟು ನೋಡಿ, ಇನ್ನೊಂದು ಬಿಗಿದು, ಮತ್ತೆ ನೋಡಿ, ನಾಲ್ಕೂ ಆದ ಮೇಲೆ ಪೂರ್ತಿ ಬಿಗಿ. ಎರಡು ಬಾಕ್ಸುಗಳ ಮುಂಗಟ್ಟನ್ನು ಕ್ಲ್ಯಾಂಪಿನಿಂದ ಒತ್ತಿಹಿಡಿದು ಜೋಡಿಸಿದೆ. ಕೊನೆಗೆ ಬಾಗಿಲು. ಈಗ ಹಿಂಜಸ್ಸಿನ ಸ್ಕ್ರೂ ತಿರುಗಿಸುವುದಕ್ಕೆ ಒಂದು ಅರ್ಥವಿತ್ತು. ನಾನು ಎತ್ತಿಟ್ಟಿದ್ದ ಎರಡು ಮಿಲಿಮೀಟರನ್ನು ಮೊದಲು ವಾಪಸ್ ಇಳಿಸಬೇಕಾಯಿತು.

ಆಚಾರ್ರು ಎದ್ದು ಬಂದು ಬಾಕ್ಸಿನ ಮುಂದಿನ ಅಂಚಿಗೆ ಎರಡೂ ಕೈ ಹಾಕಿ ಜೋತುಬಿದ್ದರು. ನನ್ನ ಜೀವ ಬಾಯಿಗೆ ಬಂತು. ಬಾಕ್ಸು ಮಿಸುಕಲಿಲ್ಲ. ಎಟಿಎಂ ಕಾರ್ಡ್ ತೂರಿಸಿ ನೋಡಿದೆ, ಪಟ್ಟಿಗೂ ಗೋಡೆಗೂ ನಡುವೆ ಅದರ ಅಂಚೂ ಹೋಗಲಿಲ್ಲ. ದುಡ್ಡು ಕೊಡಲು ಹೋದರೆ ಆಚಾರ್ರು, ‘ಕೆಲ್ಸ ಮಾಡ್ದವಳು ನೀನು, ನಿಂಗೆ ನೀನೇ ಕೊಟ್ಕ’ ಎಂದು ಅಮ್ಮನ ಕೈಯ ಕಾಫಿ ಕುಡಿದು, ಒಂದು ಬಾಟಲಿ ಉಪ್ಪಿನಕಾಯಿ ತೆಗೆದುಕೊಂಡು ಹೋದರು.

ಚೆನ್ನಾಗಿ ಕಾಣುತ್ತದೆಯೇ ಎಂದರೆ, ಇಲ್ಲ. ಅಪ್ಪ ಹೇಳಿದ್ದು ನಿಜವೇ. ಎಡಕ್ಕೊಂದು ಮೇಲೆ, ಬಲಕ್ಕೆರಡು ಕೆಳಗೆ. ಮೇಲೆ ಏಳಿಂಚು ಬೋಳು ಗೋಡೆ, ಪುಟ್ಟಿ ಹಚ್ಚಿದ ಹಳೆಯ ತೂತುಗಳ ಗುರುತು. ಬಾಕ್ಸುಗಳ ನೆತ್ತಿಯ ಮೇಲೆ ಧೂಳು ಕೂರುತ್ತದೆ, ವಾರಕ್ಕೊಮ್ಮೆ ಒರೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಪ್ಪ ಕಾಫಿ ಬೆರೆಸಲು ಬಗ್ಗಿದಾಗ ಎರಡು ಸಲ ಹಣೆ ಬಡಿಸಿಕೊಂಡರು. ಅವರು 5 ಅಡಿ 9 ಇಂಚು. ‘ರೀ, ಬಗ್ಗಿ ನಿಂತ್ಕಳಿ, ನಾಲ್ಕು ವರ್ಷ ನಾನು ಸ್ಟೂಲ್ ಹತ್ಲಿಲ್ವಾ’ ಎಂದರು ಅಮ್ಮ. ಮಾರನೇ ದಿನ ನೋಡಿದರೆ ಬಾಕ್ಸಿನ ಮೂಲೆಗೆ ಅಪ್ಪ ಪಾತ್ರೆ ತೊಳೆಯುವ ಸ್ಪಂಜಿನ ತುಂಡು ಕತ್ತರಿಸಿ ಟೇಪು ಹಚ್ಚಿ ಅಂಟಿಸಿದ್ದರು.

ಕಟ್ಟೆಯ ಮೇಲಿನ ಸಂತೆ ಒಂದೇ ವಾರದಲ್ಲಿ ಕರಗಿತು. ನಾನೇನೂ ಹೇಳಲಿಲ್ಲ. ಬೋರ್ನ್‌ವಿಟಾ ಡಬ್ಬಿಯ ಸಾಸಿವೆ ಮಾತ್ರ ಒಲೆಯ ಪಕ್ಕವೇ ಇದೆ, ಅದರ ಜಾಗ ಅದೇ ಅಂತೆ. ಸ್ಟೂಲು ಹಿತ್ತಿಲಿಗೆ ಹೋಗಿದೆ.

ಹತ್ತು ದಿನಕ್ಕೆ ಬ್ಯಾಂಡೇಜು ಬಿಚ್ಚಿದರು. ಅವತ್ತು ಸಂಜೆ ನಾನು ಡ್ರಿಲ್ ಮಿಷಿನ್ನನ್ನು ವಾಪಸ್ ಕೊಡಲೆಂದು ಚೀಲಕ್ಕೆ ಹಾಕುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು, ‘ಅದನ್ನ ಇವತ್ತೇ ಕೊಡ್ಬೇಕಾ?’ ಎಂದರು. ಯಾಕಮ್ಮ ಎಂದೆ. ‘ಏನಿಲ್ಲ’ ಎಂದು ದೇವರ ಕೋಣೆಯ ಕಡೆ ಕೈ ತೋರಿಸಿದರು. ಹೋಗಿ ನೋಡಿದರೆ ಎಣ್ಣೆ ಬತ್ತಿ ಇಡುವ ಶೆಲ್ಫಿನಿಂದ ಒಂದು ಗೇಣು ಕೆಳಗೆ, ಗೋಡೆಯ ಮೇಲೆ ಆಗಲೇ ಸೀಮೆಸುಣ್ಣದ ಗೆರೆ ಬಿದ್ದಿತ್ತು.